ಹಳೆ ಟೈರನ್ನು ಓದಿ, ಆಮೇಲೆ ಹೊಸದನ್ನು ಕೊಳ್ಳಿ: ಸ್ಪೋರ್ಟಿ ಕಾರು, ಚೆನ್ನೈ ಬಿಸಿಲು, ಚೆನ್ನೈ ಮಳೆ

(ವಿಡಿಯೊದಲ್ಲಿ ಆಡಿದ ಮಾತಿನ ಬರಹ ರೂಪ. ಆಫೀಸ್ ಕ್ಯಾಬ್‌ನಲ್ಲಿ ಕೂತು ಓದುವವರಿಗಾಗಿ. ಮಾತಿನ ಧಾಟಿ ಹಾಗೇ ಉಳಿಸಿಕೊಂಡಿದ್ದೇವೆ.)



ಚೆನ್ನೈನಲ್ಲಿ ಇರೋ ನಮ್ಮ ಕನ್ನಡದ ಐಟಿ ಮಂದಿಯಲ್ಲಿ ಸ್ವಲ್ಪ ಜೋರಾಗಿ ಓಡೋ ಕಾರಿನ ಹುಚ್ಚು ಇರೋರು ಬಹಳ ಜನ. ಯಾರದ್ದೋ ಪೋಲೊ ಜಿಟಿ, ಯಾರದ್ದೋ ಐ20 ಎನ್ ಲೈನ್, ಇನ್ಯಾರದ್ದೋ ವರ್ಟಸ್ ಅಥವಾ ಸ್ಲಾವಿಯಾ 1.5. ಮೀಟರ್ 35, 40 ಸಾವಿರ ಕಿಲೋಮೀಟರ್ ದಾಟುತ್ತಿದ್ದ ಹಾಗೆ ಒಂದೇ ಪ್ರಶ್ನೆ ಬರುತ್ತೆ: "ಯಾವ ಟೈರ್ ಹಾಕಿಸಲಿ?" ಉತ್ತರವೂ ತಕ್ಷಣ ಸಿಗುತ್ತೆ. ಒಬ್ಬರು ಫ್ರೆಂಚ್ ಕಂಪನಿ ಹೆಸರು ಹೇಳ್ತಾರೆ, ಇನ್ನೊಬ್ಬರು ಜಪಾನಿನದ್ದು, ಮತ್ತೊಬ್ಬರು "ನಮ್ಮ ಎಂ.ಆರ್.ಎಫ್. ಇದೆಯಲ್ಲ, ಸಾಕು ಬಿಡಿ" ಅಂತಾರೆ.

ನಾನು ಇವತ್ತು ಬ್ರ್ಯಾಂಡ್ ಹೆಸರು ಹೇಳೋಕೆ ಬಂದಿಲ್ಲ. ಈ ಪ್ರಶ್ನೆಗೆ ಮುಂಚೆ ಕೇಳಬೇಕಾದ ಎರಡು ಪ್ರಶ್ನೆ ಇವೆ. ಒಂದು, ಹಳೆ ಟೈರ್ ಹೇಗೆ ಸವೆದಿದೆ? ಎರಡು, ನಿಮ್ಮ ಗಾಡಿಗೆ ವರ್ಷದಲ್ಲಿ ಅತಿ ಕಷ್ಟದ ದಿನ ಯಾವುದು? ಎರಡನೆಯದಕ್ಕೆ ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ: ನವೆಂಬರ್ ತಿಂಗಳ ಒಂದು ಶುಕ್ರವಾರ ರಾತ್ರಿ, ಸುರಿಯೋ ಮಳೆಯಲ್ಲಿ ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ಬೆಂಗಳೂರಿಗೆ ಹೊರಟ ದಿನ. ಟೈರ್ ಆರಿಸಬೇಕಾದ್ದು ಆ ರಾತ್ರಿಗಾಗಿ. ಮಿಕ್ಕ ದಿನಗಳಿಗೆ ಯಾವ ಟೈರ್ ಆದರೂ ನಡೆಯುತ್ತೆ.

ನಾಲ್ಕು ಅಂಗೈ

ಒಂದು ಸಣ್ಣ ಲೆಕ್ಕ. ಮಂದಿ ಕೂತ ಮೇಲೆ ನಿಮ್ಮ ಕಾರು ಸುಮಾರು 1,300 ಕಿಲೋ ಅಂತ ಇಟ್ಟುಕೊಳ್ಳಿ. ಒಂದು ಚಕ್ರದ ಮೇಲೆ 325 ಕಿಲೋ. ಗಾಳಿ 33 ಪಿ.ಎಸ್.ಐ., ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ. ಭಾಗಿಸಿದರೆ 140 ಚದರ ಸೆಂಟಿಮೀಟರ್ ಬರುತ್ತೆ. ಅದು ಹೆಚ್ಚು ಕಡಿಮೆ ದೊಡ್ಡವರ ಒಂದು ಅಂಗೈ. 150 ಪಿ.ಎಸ್. ಎಂಜಿನ್, 250 ನ್ಯೂಟನ್ ಮೀಟರ್ ಟಾರ್ಕ್, ಎಬಿಎಸ್, ಇಎಸ್‌ಸಿ, ಆರು ಏರ್‌ಬ್ಯಾಗ್ ಎಲ್ಲಾ ಇದ್ದರೂ ಕಾರು ರಸ್ತೆಯನ್ನ ಹಿಡಿದಿರೋದು ನಾಲ್ಕು ಅಂಗೈಯಷ್ಟು ರಬ್ಬರಿನಲ್ಲಿ. ಎಬಿಎಸ್ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುತ್ತೆ ಅಷ್ಟೇ. ಇಲ್ಲದ ಹಿಡಿತವನ್ನ ಅದು ಹುಟ್ಟಿಸೋಕೆ ಆಗಲ್ಲ.

ಇನ್ನೊಂದು ಲೆಕ್ಕ, ಇದನ್ನ ಮಾತ್ರ ಮರೀಬೇಡಿ. ಎರಡು ಕಾರು ಅಕ್ಕಪಕ್ಕ 100 ಕಿ.ಮೀ. ವೇಗದಲ್ಲಿ ಹೋಗ್ತಾ ಇವೆ. ಒಂದರ ಟೈರಿಗೆ ಹಿಡಿತದ ಗುಣಾಂಕ 0.8, ಇನ್ನೊಂದಕ್ಕೆ ಒದ್ದೆ ರಸ್ತೆ, ಸವೆದ ರಬ್ಬರ್ ಸೇರಿ 0.5 ಅಂತ ಇಟ್ಟುಕೊಳ್ಳೋಣ. ಇಬ್ಬರೂ ಒಂದೇ ಕ್ಷಣ ಬ್ರೇಕ್ ತುಳೀತಾರೆ. ಮೊದಲನೆಯದು ಸುಮಾರು 49 ಮೀಟರಿನಲ್ಲಿ ನಿಲ್ಲುತ್ತೆ. ಎರಡನೆಯದಕ್ಕೆ 79 ಮೀಟರ್ ಬೇಕು. 30 ಮೀಟರ್ ವ್ಯತ್ಯಾಸ ತಾನೇ ಅನ್ನಿಸಬಹುದು. ಆದರೆ ಮೊದಲ ಕಾರು ಪೂರ್ತಿ ನಿಂತಿರೋ ಜಾಗದಲ್ಲಿ ಎರಡನೇ ಕಾರು ಇನ್ನೂ ಎಷ್ಟು ವೇಗದಲ್ಲಿರುತ್ತೆ ಗೊತ್ತಾ? ಗಂಟೆಗೆ 61 ಕಿ.ಮೀ.! ಪಿಯುಸಿ ಫಿಸಿಕ್ಸ್ ಸೂತ್ರವೇ ಇದು, ನೀವೇ ಹಾಕಿ ನೋಡಿ. ಮುಂದೆ ಲೈಟ್ ಇಲ್ಲದ ಲಾರಿ ನಿಂತಿದ್ದರೆ ಒಬ್ಬರು ಬೆವರು ಒರೆಸಿಕೊಳ್ಳುತ್ತಾರೆ, ಇನ್ನೊಬ್ಬರು 61ರಲ್ಲಿ ಗುದ್ದುತ್ತಾರೆ.

ಹಳೆ ಟೈರ್ ಅಂದರೆ ಲಾಗ್ ಫೈಲ್

ಸರ್ವರ್ ಬಿದ್ದರೆ ನಾವು ಮೊದಲು ಏನು ಮಾಡ್ತೀವಿ? ಲಾಗ್ ನೋಡ್ತೀವಿ. ನೋಡದೇ ಹೊಸ ಸರ್ವರ್ ತಂದು ಕೂರಿಸಿದರೆ ಅದೂ ಬೀಳುತ್ತೆ. ಟೈರ್ ಕಥೆಯೂ ಅದೇ. ಅಂಗಡಿಯವರು ಹಳೆ ಟೈರ್ ಕಳಚಿದ ಕೂಡಲೇ ಪಕ್ಕಕ್ಕೆ ಎಸೆಯೋಕೆ ಬಿಡಬೇಡಿ. ಯಾವುದು ಯಾವ ಚಕ್ರದ್ದು ಅಂತ ಸೀಮೆಸುಣ್ಣದಲ್ಲಿ ಬರೆಸಿ, ಕೈ ಆಡಿಸಿ ನೋಡಿ.

ಎರಡೂ ಅಂಚು ಸವೆದು ನಡುವೆ ಚೆನ್ನಾಗಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಒಳ ಅಂಚು ಮಾತ್ರ ತಿಂದುಹೋಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಟೋ ಅಥವಾ ಕ್ಯಾಂಬರ್. ಇದು ಕಳ್ಳ ಸವೆತ, ನಿಂತು ನೋಡಿದರೆ ಕಾಣಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಬಗ್ಗಿ ನೋಡಬೇಕು. ಹೊರಗಿನಿಂದ ಟೈರ್ ಚೆನ್ನಾಗೇ ಕಾಣುತ್ತೆ, ಒಳಗಡೆ ಎಳೆ ಹೊರಗೆ ಬಂದಿರುತ್ತೆ.

ಅಂಗೈಯನ್ನ ಟ್ರೆಡ್ ಮೇಲೆ ಅಡ್ಡಡ್ಡ ಆಡಿಸಿ. ಒಂದು ಕಡೆಗೆ ನುಣುಪು, ವಾಪಸ್ ಬರುವಾಗ ಗರಗಸದ ಹಾಗೆ ಚುಚ್ಚಿದರೆ ಅದು ಟೋ ತೊಂದರೆ. ಸುತ್ತಲೂ ಅಲ್ಲಲ್ಲಿ ತಗ್ಗು ಉಬ್ಬು ಇದ್ದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು, ಬ್ಯಾಲೆನ್ಸಿಂಗ್ ತಪ್ಪಿರಬಹುದು, ಅಥವಾ ಬಹಳ ದಿನ ರೊಟೇಶನ್ ಮಾಡಿಸಿಲ್ಲ. ಹಿಂದಿನ ಟೈರಿನಲ್ಲಿ ಇಂಥ ಸವೆತ ಬಂದರೆ 60, 70ರ ವೇಗದಲ್ಲಿ "ಗುಂಯ್" ಅಂತ ಸದ್ದು ಬರುತ್ತೆ. ಎಷ್ಟೋ ಜನ ವ್ಹೀಲ್ ಬೇರಿಂಗ್ ಹೋಗಿದೆ ಅಂತ ದುಡ್ಡು ಸುರಿಯೋದು ಇಲ್ಲೇ.

ಇವ್ಯಾವೂ ಇಲ್ಲದೆ ಮುಂದಿನ ಎರಡು ಸಮನಾಗಿ, ಹಿಂದಿನ ಎರಡಕ್ಕಿಂತ ಬೇಗ ಸವೆದಿದ್ದರೆ ಅದು ಕಾಯಿಲೆ ಅಲ್ಲ. ನಮ್ಮ ಈ ಕಾರುಗಳೆಲ್ಲ ಮುಂದಿನ ಚಕ್ರ ಎಳೆಯೋವು. ಎಳೆಯೋದು, ತಿರುಗೋದು, ಹೆಚ್ಚು ಪಾಲು ಬ್ರೇಕ್ ಹಾಕೋದು ಮೂರೂ ಅವೇ ಮಾಡಬೇಕು. ಅದಕ್ಕೆ ಮದ್ದು 8ರಿಂದ 10 ಸಾವಿರ ಕಿಲೋಮೀಟರಿಗೆ ಒಮ್ಮೆ ರೊಟೇಶನ್.

ಲಾಗ್‌ನಲ್ಲಿ ಕಂಡ ಕಾಯಿಲೆ ವಾಸಿ ಮಾಡದೆ ಹೊಸ ಟೈರ್ ಹಾಕಿಸಿದರೆ, ಅದು ಎಷ್ಟೇ ದುಬಾರಿ ಇರಲಿ, ಮತ್ತೆ ಅದೇ ಜಾಗದಲ್ಲಿ ಸವೆಯುತ್ತೆ.

ಕತ್ತರಿ ಬಿಸಿಲಿನಲ್ಲಿ ಗಾಳಿ ಕಡಿಮೆ ಹಾಕಬೇಡಿ

ಮೇ ತಿಂಗಳಲ್ಲಿ ಇಲ್ಲಿನವರು ಕತ್ತರಿ ವೆಯಿಲ್ ಅನ್ನೋ ಬಿಸಿಲಿನಲ್ಲಿ ಒಂದು ಸಲಹೆ ಎಲ್ಲಾ ಕಡೆ ಕೇಳಿಬರುತ್ತೆ: "ಸಾರ್, ಬೇಸಿಗೆ, ಟೈರ್ ಒಡೆಯುತ್ತೆ, ಎರಡು ಪಾಯಿಂಟ್ ಕಡಿಮೆ ಹಾಕ್ತೀನಿ." ಪ್ರೀತಿಯಿಂದಲೇ ಹೇಳ್ತಾರೆ, ಆದರೆ ಇದು ತಿರುಗುಮುರುಗಾದ ಸಲಹೆ. ಹೆದ್ದಾರಿಯಲ್ಲಿ ಟೈರ್ ಒಡೆಯೋಕೆ ದೊಡ್ಡ ಕಾರಣ ಗಾಳಿ ಕಡಿಮೆ ಇರೋದೇ. ಗಾಳಿ ಕಡಿಮೆ ಇದ್ದರೆ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಬಾಗುತ್ತೆ, ಬಾಗಿದಷ್ಟೂ ಒಳಗೆ ಬಿಸಿ ಹುಟ್ಟುತ್ತೆ. ಆ ಬಿಸಿ ಮೇಲೆ ಕಾದ ಡಾಂಬರು, ತುಂಬಿದ ಡಿಕ್ಕಿ, 110ರ ವೇಗ ಸೇರಿದರೆ ರಬ್ಬರಿಗೂ ಒಳಗಿನ ಎಳೆಗೂ ಇರೋ ಬಂಧ ಬಿಟ್ಟುಹೋಗುತ್ತೆ.

ಬಿಸಿಗೆ ಒತ್ತಡ ಏರೋದು ಎಷ್ಟು? ಬೆಂಗಳೂರಿನ ಬೆಳಗ್ಗೆ 20 ಡಿಗ್ರಿಯಲ್ಲಿ 33 ತುಂಬಿಸಿದರೆ, ಟೈರಿನೊಳಗೆ 40 ಡಿಗ್ರಿ ಆದಾಗ ಅದು 36 ತೋರಿಸುತ್ತೆ. ಅಷ್ಟೇ. ಕಂಪನಿಯವರು ಬಾಗಿಲ ಚೌಕಟ್ಟಿನಲ್ಲೋ ಪೆಟ್ರೋಲ್ ಮುಚ್ಚಳದಲ್ಲೋ ಬರೆದಿರೋ ಅಂಕಿ ತಣ್ಣಗಿನ ಟೈರಿಗೆ. ಈ ಏರಿಕೆಯನ್ನ ಲೆಕ್ಕಕ್ಕೆ ತಗೊಂಡೇ ಬರೆದಿರ್ತಾರೆ. ಬಿಸಿ ಟೈರಿನಿಂದ ಗಾಳಿ ಬಿಡಿಸಬೇಡಿ.

ಉಲ್ಟಾ ಕಥೆ ಇನ್ನೂ ಮಜಾ. ಡಿಸೆಂಬರಿನಲ್ಲಿ ಮಧ್ಯಾಹ್ನ ಓಎಂಆರ್‌ನಲ್ಲಿ ಓಡಾಡಿ, ಟೈರ್ 50 ಡಿಗ್ರಿ ಇರುವಾಗ ಬಂಕಿನಲ್ಲಿ ಸರಿಯಾಗಿ 33 ಹಾಕಿಸಿ ಬೆಂಗಳೂರಿಗೆ ಹೋಗ್ತೀರಿ. ಮರುದಿನ ಬೆಳಗ್ಗೆ 15 ಡಿಗ್ರಿ ಚಳಿಯಲ್ಲಿ ಅಮ್ಮನ ಮನೆ ಮುಂದೆ ಅದು 28ಕ್ಕೆ ಇಳಿದಿರುತ್ತೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತೆ. ಪಂಕ್ಚರ್ ಆಗಿಲ್ಲ, ಚಾರ್ಲ್ಸ್ ಮತ್ತು ಗೇ-ಲುಸಾಕ್ ಮಾತಾಡ್ತಾ ಇದ್ದಾರೆ ಅಷ್ಟೇ. ಎಂಟುನೂರು ಸಾವಿರ ಕೊಟ್ಟು ಒಂದು ಗಾಳಿ ಪಂಪ್ ಮನೆಯಲ್ಲಿಟ್ಟುಕೊಳ್ಳಿ, ಬೆಳಗ್ಗೆ ಹೊರಡೋ ಮುಂಚೆ ನೋಡಿ. ನೈಟ್ರೋಜನ್ ಬೇಕಾ ಅಂತ ಕೇಳೋರಿಗೆ: ಸಾಮಾನ್ಯ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ.

ಸೆಕೆಂಡಿಗೆ ಒಂದು ಬಕೆಟ್ ನೀರು

ಟೈರ್ ಮೇಲಿನ ಗೀರುಗಳು ಯಾಕೆ ಇರೋದು? ಹಿಡಿತಕ್ಕೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಮ್ಮ ಪಕ್ಕದಲ್ಲೇ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕ್ ಇದೆ. ರೇಸ್ ಕಾರುಗಳು ಒಣ ಟ್ರ್ಯಾಕಿನಲ್ಲಿ ಒಂದು ಗೀರೂ ಇಲ್ಲದ ಸ್ಲಿಕ್ ಟೈರ್ ಹಾಕ್ತವೆ. ಒಣ ರಸ್ತೆಗೆ ಗೀರು ಬೇಕಾಗಿಲ್ಲ. ಅವು ಇರೋದು ನೀರು ಹೊರಗೆ ಹಾಕೋಕೆ.

205 ಮಿಲಿಮೀಟರ್ ಅಗಲದ ಟೈರ್, ರಸ್ತೆ ಮೇಲೆ 3 ಮಿಲಿಮೀಟರ್ ನೀರು, ವೇಗ 80. ಗುಣಿಸಿ ನೋಡಿ: ಒಂದು ಟೈರಿನ ದಾರಿಯಲ್ಲಿ ಸೆಕೆಂಡಿಗೆ 13 ಲೀಟರಿಗೂ ಹೆಚ್ಚು ನೀರು ಸಿಗುತ್ತೆ. ಪ್ರತಿ ಸೆಕೆಂಡ್ ಒಂದು ಬಕೆಟ್! ಅದನ್ನ ಪಕ್ಕಕ್ಕೆ ತಳ್ಳೋಕೆ ಆಗದಿದ್ದರೆ ಟೈರ್ ನೀರಿನ ಮೇಲೆ ತೇಲುತ್ತೆ, ಸ್ಟೀರಿಂಗ್ ಹಗುರ ಆಗುತ್ತೆ. ಇದಕ್ಕೇ ಅಕ್ವಾಪ್ಲೇನಿಂಗ್ ಅನ್ನೋದು.

ಹೊಸ ಟೈರಿನಲ್ಲಿ ಗೀರಿನ ಆಳ ಸುಮಾರು 8 ಮಿಲಿಮೀಟರ್. ಕಾನೂನು ಪ್ರಕಾರ ಕಾರಿಗೆ ಕನಿಷ್ಠ 1.6 ಇರಬೇಕು. ಗೀರಿನೊಳಗೆ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತೆ, ಟ್ರೆಡ್ ಅದರ ಮಟ್ಟಕ್ಕೆ ಬಂದರೆ ಕಥೆ ಮುಗೀತು. ಆದರೆ 1.6 ದಂಡ ಬೀಳೋ ಗೆರೆ, ಮಳೆಯಲ್ಲಿ ಕಾಪಾಡೋ ಗೆರೆ ಅಲ್ಲ. ಈಶಾನ್ಯ ಮಾರುತದಲ್ಲಿ, ಅಂದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಚೆನ್ನೈ ಮಳೆ ಹೇಗಿರುತ್ತೆ ಅಂತ 2015ರ ಡಿಸೆಂಬರ್ ನೋಡಿದವರಿಗೂ 2023ರ ಮಿಚಾಂಗ್ ನೋಡಿದವರಿಗೂ ಹೇಳಬೇಕಾಗಿಲ್ಲ. ನನ್ನ ಮಾತು ಇಷ್ಟು: ಸೆಪ್ಟೆಂಬರ್ ಕೊನೆಗೆ ಅಳೆಯಿರಿ, 3 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಮಳೆಗೆ ಮುಂಚೆಯೇ ಬದಲಿಸಿ. "ಪೊಂಗಲ್ ಆಫರ್ ಬರಲಿ" ಅಂತ ಕಾಯಬೇಡಿ. ಆಫರ್ ಬರೋ ಹೊತ್ತಿಗೆ ಮಳೆಗಾಲ ಮುಗಿದಿರುತ್ತೆ, ಅಪಾಯದ ಮೂರು ತಿಂಗಳನ್ನ ಸವೆದ ಟೈರಿನಲ್ಲೇ ಕಳೆದಿರ್ತೀರಿ.

ಗೋಡೆ ಬರಹ

ಟೈರಿನ ಪಕ್ಕದಲ್ಲಿ 205/55 ಆರ್16 91ವಿ ಅಂತ ಇರುತ್ತೆ. 205 ಅಗಲ, ಮಿಲಿಮೀಟರಿನಲ್ಲಿ. 55 ಅಂದರೆ ಗೋಡೆಯ ಎತ್ತರ ಅಗಲದ ನೂರಕ್ಕೆ 55. ಆರ್ ಅಂದರೆ ರೇಡಿಯಲ್, 16 ರಿಮ್ಮಿನ ಇಂಚು. 91 ಅಂದರೆ ಒಂದು ಟೈರ್ 615 ಕಿಲೋ ಹೊರಬಲ್ಲದು. ವಿ ಅಂದರೆ ಗಂಟೆಗೆ 240 ಕಿ.ಮೀ.ವರೆಗೆ, ಎಚ್ ಆದರೆ 210, ಟಿ ಆದರೆ 190. "ನಾನೆಲ್ಲಿ 240 ಹೋಗ್ತೀನಿ, ಟಿ ಸಾಕು" ಅನ್ನಬೇಡಿ. ವೇಗದ ಅಕ್ಷರ ಬಿಸಿ ತಡೆಯೋ ಶಕ್ತಿಯನ್ನೂ ಹೇಳುತ್ತೆ. ಕಂಪನಿ ಕೊಟ್ಟಿದ್ದಕ್ಕಿಂತ ಕೆಳಗಿನ ಲೋಡ್ ಅಂಕಿಗೂ ವೇಗದ ಅಕ್ಷರಕ್ಕೂ ಇಳಿಯಬೇಡಿ.

ಇನ್ನೊಂದು ನಾಲ್ಕು ಅಂಕಿ ಇರುತ್ತೆ, ಉದಾಹರಣೆಗೆ 3224. 2024ರ 32ನೇ ವಾರ ತಯಾರಾದ ಟೈರ್ ಅಂತ. ಆರು ತಿಂಗಳ ಒಳಗಿನದ್ದು ಸಿಕ್ಕರೆ ಸಂತೋಷ, ವರ್ಷ ದಾಟಿದ್ದರೆ ಬೇರೆ ಕೇಳಿ. ಮನೆಯಿಂದಲೇ ಕೆಲಸ ಮಾಡೋರಿಗೆ ಈ ಅಂಕಿ ಇನ್ನೂ ಮುಖ್ಯ. ವರ್ಷಕ್ಕೆ ನಾಲ್ಕೈದು ಸಾವಿರ ಕಿ.ಮೀ. ಓಡೋ ಕಾರಿನ ಟೈರ್ ಸವೆಯೋ ಮುಂಚೆ ಮುದಿಯಾಗುತ್ತೆ, ಬಿಸಿಲಲ್ಲಿ ನಿಂತು ನಿಂತು ಗಟ್ಟಿಯಾಗಿ ಬಿರುಕು ಬಿಡುತ್ತೆ. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ತೋರಿಸಿ. ಗೀರು ಎಷ್ಟೇ ಆಳ ಇರಲಿ, ಹತ್ತು ವರ್ಷ ದಾಟಿಸಬೇಡಿ.

ಕೆಲವು ಟೈರಿನಲ್ಲಿ ಟ್ರೆಡ್‌ವೇರ್ 300, 400, 500 ಅಂತ ಬರೆದಿರುತ್ತೆ. ಇದು ಅಮೆರಿಕದ ಪದ್ಧತಿ. ಟೆಕ್ಸಾಸಿನ ಸ್ಯಾನ್ ಆಂಜೆಲೊ ಸುತ್ತಲಿನ ರಸ್ತೆಯಲ್ಲಿ 7,200 ಮೈಲಿ ಓಡಿಸಿ, 100 ಅಂಕದ ಟೈರಿಗೆ ಹೋಲಿಸಿ, ಅಂಕ ಕೊಡೋದು ಕಂಪನಿಯೇ. ಹಾಗಾಗಿ ಒಂದೇ ಕಂಪನಿಯ ಎರಡು ಟೈರ್ ಹೋಲಿಸೋಕೆ ಸರಿ, ಕಂಪನಿ ಕಂಪನಿ ನಡುವೆ ಅಷ್ಟು ನಂಬಬೇಡಿ. ಅದರ ಪಕ್ಕದ ಟ್ರ್ಯಾಕ್ಷನ್ ಅಕ್ಷರ ನೋಡಿ, ಅದು ಒದ್ದೆ ರಸ್ತೆಯ ಬ್ರೇಕಿಂಗ್. ಎಎ ಅತ್ಯುತ್ತಮ, ಎ ಪರವಾಗಿಲ್ಲ. ಸ್ಪೋರ್ಟಿ ಕಾರಿಗೆ ಬಿ ತಗೋಬೇಡಿ. ನಮ್ಮಲ್ಲೂ 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಒದ್ದೆ ಹಿಡಿತ, ಉರುಳುವ ಪ್ರತಿರೋಧ, ಸದ್ದು ಮೂರಕ್ಕೂ ಮಟ್ಟ ಗೊತ್ತುಮಾಡಿ ಅಧಿಸೂಚನೆ ಹೊರಡಿಸಿತು. ಅದು ಕನಿಷ್ಠ ಮಟ್ಟ. ಆರಿಸೋದು ನಮ್ಮ ಕೆಲಸ.

"50 ಸಾವಿರ ಓಡುತ್ತೆ ಸಾರ್"

ಅಂಗಡಿಯಲ್ಲಿ ಮೊದಲು ಕೇಳೋ ಮಾತು ಇದು. ರಬ್ಬರಿನ ಲೋಕದಲ್ಲಿ ಹಿಡಿತ, ಬಾಳಿಕೆ, ಮೈಲೇಜ್ ಮೂರೂ ಒಂದನ್ನೊಂದು ಎಳೆಯುತ್ತವೆ. ಸಿಲಿಕಾ ಬೆರೆಸೋ ತಂತ್ರದಿಂದ ಈ ಜಗಳ ಸ್ವಲ್ಪ ಕಡಿಮೆ ಆಗಿದೆ, ಮುಗಿದಿಲ್ಲ. ಗಟ್ಟಿ ರಬ್ಬರ್ ಬಹಳ ಬಾಳುತ್ತೆ, ಒದ್ದೆಯಲ್ಲಿ ಜಾರುತ್ತೆ. ಮೆತ್ತಗಿನದ್ದು ಹಿಡಿಯುತ್ತೆ, ಬೇಗ ಸವೆಯುತ್ತೆ.

ದುಡ್ಡಿನ ಲೆಕ್ಕವನ್ನೂ ಹಾಕೋಣ, ಅಂಕಿ ಉದಾಹರಣೆಗೆ. ಬಾಳಿಕೆ ಟೈರ್ ಒಂದಕ್ಕೆ 6,500 ರೂಪಾಯಿ, 50 ಸಾವಿರ ಕಿ.ಮೀ. ಹಿಡಿತದ ಟೈರ್ 9,500, 35 ಸಾವಿರ ಕಿ.ಮೀ. ನಾಲ್ಕು ಟೈರ್ ಲೆಕ್ಕದಲ್ಲಿ ಮೊದಲನೆಯದು ಕಿಲೋಮೀಟರಿಗೆ 52 ಪೈಸೆ, ಎರಡನೆಯದು 1 ರೂಪಾಯಿ 9 ಪೈಸೆ. ವ್ಯತ್ಯಾಸ 57 ಪೈಸೆ. ಲೀಟರಿಗೆ ನೂರು ರೂಪಾಯಿ ಪೆಟ್ರೋಲ್, 14 ಮೈಲೇಜ್ ಅಂದರೆ ನೀವು ಕಿಲೋಮೀಟರಿಗೆ 7 ರೂಪಾಯಿ ಸುಡ್ತಾ ಇದ್ದೀರಿ. ವರ್ಷಕ್ಕೆ 10 ಸಾವಿರ ಕಿ.ಮೀ. ಓಡಿಸೋರಿಗೆ ಈ 57 ಪೈಸೆ ವರ್ಷಕ್ಕೆ 5,700 ರೂಪಾಯಿ. ಇದು ಸಣ್ಣ ಮೊತ್ತ ಅನ್ನಲ್ಲ. ಆದರೆ ಆ 61 ಕಿ.ಮೀ. ಲೆಕ್ಕದ ಪಕ್ಕದಲ್ಲಿಟ್ಟು ನೋಡಿ.

ಹಾಗಂತ ಎಲ್ಲರೂ ಅತಿ ಮೆತ್ತಗಿನ ಟೈರ್ ಕೊಳ್ಳಬೇಕಾ? ಬೇಡ. ಓಎಂಆರ್ ಸಿಗ್ನಲ್ಲುಗಳ ನಡುವೆಯೇ ಜೀವನ, ಊರಿಗೆ ವರ್ಷಕ್ಕೆರಡು ಸಲ ಅನ್ನೋರಿಗೆ ಒದ್ದೆ ಹಿಡಿತ ಚೆನ್ನಾಗಿರೋ ಟೂರಿಂಗ್ ಟೈರ್ ಸಾಕು. ಪ್ರತಿ ತಿಂಗಳು ಹೆದ್ದಾರಿ, ನಡುವೆ ಯೇರ್ಕಾಡೋ ಯೆಲಗಿರಿಯೋ ತಿರುವು ಅನ್ನೋರು ಸ್ಪೋರ್ಟ್ ಟೈರಿಗೆ ಹೋಗಿ.

ಅಪ್‌ಸೈಜ್ ಚಟ

205/55 ಆರ್16 ಬದಲು 225/45 ಆರ್17 ಹಾಕಿದರೆ ಚಕ್ರದ ವ್ಯಾಸ 632ರಿಂದ 634 ಮಿಲಿಮೀಟರ್, ಸ್ಪೀಡೋಮೀಟರ್ ಕೆಡಲ್ಲ. ನೋಡೋಕೆ ಚೆಂದ, ಒಣ ತಿರುವಿನಲ್ಲಿ ಚುರುಕು. ಆದರೆ ಗೋಡೆ 113ರಿಂದ 101 ಮಿಲಿಮೀಟರಿಗೆ ಇಳಿಯಿತು. ಮೆಟ್ರೊ ಕಾಮಗಾರಿಯ ಗುಂಡಿಗೆ ಬಿದ್ದರೆ ಗೋಡೆ ಉಬ್ಬೋದು, ರಿಮ್ ಬಾಗೋದು ಮೊದಲು ಇದರದ್ದೇ. ಅಗಲ ಹೆಚ್ಚಿತಲ್ಲ, ಆ ಬಕೆಟ್ ಲೆಕ್ಕದಲ್ಲಿ 13 ಲೀಟರ್ 15 ಆಯಿತು. ಮಳೆಯಲ್ಲಿ ಅಗಲದ ಟೈರ್ ಬೇಗ ತೇಲುತ್ತೆ. ನನ್ನ ಸಲಹೆ: ಕಂಪನಿ ಅಳತೆಯಲ್ಲೇ ಇನ್ನೂ ಒಳ್ಳೆ ರಬ್ಬರಿಗೆ ಹೋಗಿ. ರಿಮ್ಮಿಗೆ ಹಾಕೋ ದುಡ್ಡನ್ನ ಟೈರಿಗೆ ಹಾಕಿ.

ಅಂಗಡಿಯಲ್ಲಿ

ನಾವಿರೋದು ಟೈರಿನ ಊರಿನಲ್ಲೇ. 1946ರಲ್ಲಿ ತಿರುವೊಟ್ರಿಯೂರಿನಲ್ಲಿ ಆಟದ ಬಲೂನು ಮಾಡ್ತಾ ಶುರುವಾದ ಮದ್ರಾಸ್ ರಬ್ಬರ್ ಫ್ಯಾಕ್ಟರಿಯೇ ಇವತ್ತಿನ ಎಂ.ಆರ್.ಎಫ್. ಒರಗಡಂನಲ್ಲಿ ಅಪೊಲೊ, ಶ್ರೀಪೆರಂಬದೂರು ಕಡೆ ಜೆ.ಕೆ. ಮತ್ತು ಸಿಯಟ್, ತೇರ್ವಾಯ್ ಕಂಡಿಗೈಯಲ್ಲಿ ಮಿಶಲಿನ್. ನಮ್ಮ ಮೈಸೂರಿನ ವಿಕ್ರಾಂತ್ ಟೈರ್ಸ್ ಕೂಡ 1997ರಲ್ಲಿ ಜೆ.ಕೆ. ತೆಕ್ಕೆಗೆ ಹೋಗಿದ್ದು ನಿಮಗೆ ನೆನಪಿರಬಹುದು. ಬೆಂಗಳೂರಿಗೆ ಜೆ.ಸಿ. ರಸ್ತೆ ಹೇಗೋ ಇಲ್ಲಿಗೆ ಮೌಂಟ್ ರೋಡ್ ಪಕ್ಕದ ಜನರಲ್ ಪ್ಯಾಟರ್ಸ್ ರಸ್ತೆ ಹಾಗೆ. ಎರಡು ಮೂರು ಕಡೆ ವಿಚಾರಿಸಿ.

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್ ಆಮದಿಗೆ ನಿರ್ಬಂಧ ಹಾಕಿದ ಮೇಲೆ, ಆಮದು ಸ್ಪೋರ್ಟ್ ಟೈರುಗಳು ಎಲ್ಲಾ ಅಳತೆಯಲ್ಲೂ ಎಲ್ಲಾ ಕಾಲದಲ್ಲೂ ಸಿಗಲ್ಲ. ಸಿಕ್ಕಿದ್ದು ಎರಡು ವರ್ಷ ಹಳೆಯದಾಗಿದ್ದರೆ, ದೊಡ್ಡ ಹೆಸರಿಗೆ ಮರುಳಾಗೋದಕ್ಕಿಂತ ಹೊಸದಾಗಿ ಬಂದ ಒಳ್ಳೆ ದೇಶೀ ಟೈರ್ ಮೇಲು. ಐ.ಎಸ್.ಐ. ಗುರುತು ನೋಡಿ, ಬಿಲ್ಲಿನಲ್ಲಿ ಟೈರಿನ ಸೀರಿಯಲ್ ನಂಬರ್ ಬರೆಸಿ. ವಾರಂಟಿಗೆ ಅದೇ ಆಧಾರ.

ನಾಲ್ಕೂ ಒಟ್ಟಿಗೆ ಹಾಕಿಸಿದರೆ ಉತ್ತಮ. ಎರಡೇ ಸಾಧ್ಯ ಅಂದರೆ ಹೊಸದನ್ನ ಹಿಂದಕ್ಕೆ ಹಾಕಿಸಿ. ಅಂಗಡಿಯವರು "ಫ್ರಂಟ್ ವ್ಹೀಲ್ ಡ್ರೈವ್ ಸಾರ್, ಮುಂದಕ್ಕೇ ಹಾಕಬೇಕು" ಅಂತ ವಾದ ಮಾಡ್ತಾರೆ. ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರ ಹೋಗುತ್ತೆ, ಆಕ್ಸಿಲರೇಟರ್ ಬಿಟ್ಟರೆ ಸಾಮಾನ್ಯವಾಗಿ ಹಿಡಿತ ಮರಳುತ್ತೆ. ಹಿಂದಿನದು ಜಾರಿದರೆ ಕಾರು ಬುಗುರಿ ಆಗುತ್ತೆ, ಅದನ್ನ ಹಿಡಿಯೋ ಚಾಲಕರು ಕಡಿಮೆ. ಹೊಸ ಟೈರಿನ ಜೊತೆ ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮೂರೂ ಮಾಡಿಸಿ, ಅಲೈನ್‌ಮೆಂಟಿನ ಪ್ರಿಂಟ್ ತಗೊಳ್ಳಿ. ಮೊದಲ 200, 300 ಕಿ.ಮೀ. ನಿಧಾನ. ಹೊಸ ರಬ್ಬರಿನ ಮೇಲ್ಮೈ ಸ್ವಲ್ಪ ಸವೆದ ಮೇಲೇ ಪೂರ್ತಿ ಹಿಡಿತ ಬರೋದು.

ಕೇಳಿದ ಎರಡು ಪ್ರಶ್ನೆ

*ಮುಂದಿನ ಟೈರಿನ ಗೋಡೆಯಲ್ಲಿ ಮೊಳೆ ಹೋಗಿದೆ, ಪಂಕ್ಚರ್ ಹಾಕಿಸಿದರೆ ಸಾಕಾ?* ಸಾಲದು. ಟ್ರೆಡ್ ಭಾಗದ ಸಣ್ಣ ತೂತಿಗೆ ಒಳಗಿನಿಂದ ಹಾಕೋ ಮಶ್ರೂಮ್ ಪ್ಯಾಚ್ ಸರಿ. ಗೋಡೆಗೆ ರಿಪೇರಿ ಇಲ್ಲ, ಬದಲಿಸಲೇಬೇಕು.

*ಸ್ಪೇರ್ ಟೈರ್ ಹೊಸದೇ ಇದೆ, ಅದನ್ನೇ ಬಳಸಬಹುದಾ?* ಅಳತೆ ಒಂದೇ ಇದ್ದು, ತಾರೀಖು ಸರಿ ಇದ್ದರೆ ಬಳಸಿ. ಆದರೆ ಈಗಿನ ಬಹಳ ಕಾರುಗಳಲ್ಲಿ ಸ್ಪೇರ್ ಚಿಕ್ಕದು, ಮೇಲೆ 80 ಕಿ.ಮೀ. ಅಂತ ಸ್ಟಿಕ್ಕರ್ ಇರುತ್ತೆ. ಅದು ಅಂಗಡಿವರೆಗೆ ಹೋಗೋಕೆ ಮಾತ್ರ.

ಈ ಶನಿವಾರ ಬೆಳಗ್ಗೆ ಕಾಫಿ ಕುಡಿದು ಕೆಳಗೆ ಪಾರ್ಕಿಂಗಿಗೆ ಇಳಿಯಿರಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಬಗ್ಗಿ, ಒಳ ಅಂಚಿಗೆ ಕೈ ಹಾಕಿ. ಹತ್ತು ನಿಮಿಷದ ಕೆಲಸ. ಕೈಗೆ ಏನು ಸಿಕ್ಕಿತು, ತಾರೀಖಿನ ನಾಲ್ಕು ಅಂಕಿ ಏನಿದೆ ಅಂತ ಕೆಳಗೆ ಬರೆಯಿರಿ. ಯಾವ ಟೈರ್ ಅನ್ನೋ ಪ್ರಶ್ನೆಗೆ ಅಲ್ಲಿಂದ ಮುಂದೆ ಮಾತಾಡೋಣ.